ಕೂಡಿ ಮಾಡಿದ ಕೆಲಸಕ್ಕೆ ಅಳತೆಗೋಲು ಯಾವುದು?

ಕಳೆದ ದಸರೆಯ ರಜೆಗೆ ನಮ್ಮ ತಂಗಿಯ ಮಗಳು ಬೀದರ್ ಜಿಲ್ಲೆಯಿಂದ ನಮ್ಮ ಮನೆಗೆ ಬಂದಿದ್ದಳು. ಅಲ್ಲಿಯ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷ ಓದುತ್ತಿದ್ದಾಳೆ. ನಾವೂ ಒಂದು ಕಾಲಕ್ಕೆ ಅದೇ ಪದವಿ ಪಡೆದವರಾದ್ದರಿಂದ, ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಹೇಗೆ ನಡೆದಿದೆಯೆಂದು ಸಲುಗೆಯಿಂದ ವಿಚಾರಿಸಿದೆವು. "ಎಲ್ಲಾ ಮುಗದಾವ ಮಾಮಾ, ಕಂಪ್ಯೂಟರ್‌ನ್ಯಾಗೇ ಮಾಡೀವಿ" ಎಂದಳು. ರೆಕಾರ್ಡ್ ಪುಸ್ತಕವನ್ನೂ ತೋರಿಸಿದಳು. ಅಂದವಾದ ಅಕ್ಷರ, ಕೋಷ್ಟಕ, ಲೆಕ್ಕ, ಪ್ರತಿ ಪುಟಕ್ಕೂ ಅಧ್ಯಾಪಕರ ರುಜು. ಬ್ಯೂರೆಟ್ಟನ್ನು ಕೈಯಲ್ಲಿ ಹಿಡಿದಿದ್ದೀಯಾ ಎಂದು ಕೇಳಿದಾಗ ಮಾತ್ರ ಹುಡುಗಿ ನಕ್ಕು ಸುಮ್ಮನಾದಳು. ಕಾಲೇಜಿನಲ್ಲಿ ಪ್ರಯೋಗಶಾಲೆ ಇದೆಯಂತೆ. ಅದರ ಬೀಗದ ಕೈ ಯಾರ ಬಳಿ ಇದೆಯೆಂಬುದು ವಿದ್ಯಾರ್ಥಿಗಳಿಗೆ ಗೊತ್ತಿಲ್ಲವಂತೆ.

ಆಕೆ ಪ್ರಯೋಗ ಮಾಡಿದ್ದು ವರ್ಚುವಲ್ ಲ್ಯಾಬ್ ಎಂಬ ಏರ್ಪಾಡಿನಲ್ಲಿ. ಅದು ದೇಶದ ಹನ್ನೆರಡು ದೊಡ್ಡ ಸಂಸ್ಥೆಗಳು ಕೇಂದ್ರ ಸರ್ಕಾರದ ಹಣದಿಂದ ಕೂಡಿ ಕಟ್ಟಿದ್ದು. ಅವುಗಳಲ್ಲೊಂದು ನಮ್ಮ ಈ ಹೈದರಾಬಾದಿನ ಗಚ್ಚಿಬೌಲಿಯಲ್ಲೇ ಇದೆ. ಇನ್ನೊಂದು ನಮ್ಮ ಸುರತ್ಕಲ್ಲಿನಲ್ಲಿದೆ. ಒಳ್ಳೆಯ ಉದ್ದೇಶದ, ಒಳ್ಳೆಯ ಕೆಲಸ. ಆದರೆ ನಮ್ಮ ಹುಡುಗಿ ಪರದೆಯ ಮೇಲೆ ಮಾಡಿದ ಪ್ರತಿಯೊಂದು ಟೈಟ್ರೇಷನ್ನೂ ಎಲ್ಲೋ ಒಂದು ಪಟ್ಟಿಯಲ್ಲಿ 'ಒಂದು ಬಳಕೆ' ಎಂದು ಜಮೆಯಾಗಿರಬೇಕಲ್ಲವೇ ಎಂಬ ಯೋಚನೆ ಬಂದಾಗ ಆ ರಾತ್ರಿ ನಮಗೆ ಸರಿಯಾಗಿ ನಿದ್ರೆ ಹತ್ತಲಿಲ್ಲ. ಲೆಕ್ಕದ ಪ್ರಕಾರ ಅವಳು ಯೋಜನೆಯ ಯಶಸ್ಸು. ಕೈಯ ಪ್ರಕಾರ ಅವಳಿಗೆ ಇನ್ನೂ ಪಾಠ ಆರಂಭವೇ ಆಗಿಲ್ಲ. ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಶಿಕ್ಷಣ ತಂತ್ರಜ್ಞಾನದ ಕೆಲಸಕ್ಕೆ ಕೊಟ್ಟ ಅನುದಾನವನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ? ಪ್ರಕೃತ ಲೇಖನದಲ್ಲಿ ಈ ಒಂದು ಪ್ರಶ್ನೆಯನ್ನು ಓದುಗರ ಮುಂದಿಡಬೇಕೆಂದಿದ್ದೇವೆ.

ಮೊದಲಿಗೆ ನಮ್ಮ ಅಧಿಕಾರದ ಮಾತು. ನಾವು ಪಂಡಿತರಲ್ಲ, ಪ್ರಾಧ್ಯಾಪಕರೂ ಅಲ್ಲ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಸರ್ಕಾರಿ ನೌಕರನು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದೆಂದು ನಡತೆಯ ನಿಯಮಗಳು ಹೇಳುತ್ತವೆ. ಆದ್ದರಿಂದ ನೀತಿಯ ತಂಟೆಗೆ ಹೋಗದೆ, ಗುಮಾಸ್ತನಿಗೆ ಸಲ್ಲುವ ಲೆಕ್ಕದ ಮಾತನ್ನಷ್ಟೇ ಆಡುತ್ತೇವೆ.

ಅನುದಾನದ ಕಡತಗಳನ್ನು ನೋಡಿದವರಿಗೆ ಬಳಕೆ ಪ್ರಮಾಣಪತ್ರ, ಅಂದರೆ ಯುಟಿಲೈಸೇಷನ್ ಸರ್ಟಿಫಿಕೇಟ್, ಪರಿಚಿತವಾದದ್ದು. ಹಣ ಪಡೆದ ಸಂಸ್ಥೆಯು ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ, ಇಷ್ಟು ಬಂತು, ಇಷ್ಟು ಖರ್ಚಾಯಿತು, ಇಷ್ಟು ಉಳಿಯಿತು, ಕೊಟ್ಟ ಉದ್ದೇಶಕ್ಕೇ ಬಳಸಿದ್ದೇವೆ ಎಂದು ಬರೆದು ರುಜು ಹಾಕಿ ಕಳಿಸಬೇಕು. ಅದು ಬಾರದೆ ಮುಂದಿನ ಕಂತು ಹೊರಡುವುದಿಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳ ನಮೂನೆಯಲ್ಲಿ ಒಂದು ಸುಧಾರಣೆಯೂ ಇದೆ: ಸಾಧಿಸಿದ ಗುರಿಗಳನ್ನೂ ಫಲಿತಾಂಶಗಳನ್ನೂ ಒಂದು ಅನುಬಂಧದಲ್ಲಿ ತಿಳಿಸಬೇಕು. ನಿಯಮ ಮಾಡಿದವರು ಯೋಚಿಸಿಯೇ ಮಾಡಿದ್ದಾರೆ. ಆದರೆ ಫಲಿತಾಂಶವೆಂಬ ಖಾಲಿ ಜಾಗದಲ್ಲಿ ಬರೆಯುವವನು ಏನು ಬರೆಯುತ್ತಾನೆ? ಕೈಗೆ ಸಿಕ್ಕ ಎಣಿಕೆಯನ್ನು. ಇಷ್ಟು ಪಾಠ ತಯಾರಾಯಿತು, ಇಷ್ಟು ಗಂಟೆಯ ಚಿತ್ರ, ಇಷ್ಟು ಕಾರ್ಯಾಗಾರ, ಇಷ್ಟು ಸಾವಿರ ನೋಟ. ಇವೆಲ್ಲ ಸುಳ್ಳಲ್ಲ. ಮಾಡಿದ ಅಡುಗೆಯ ಪಟ್ಟಿ ಇದು. ಉಂಡವರ ಹೊಟ್ಟೆ ತುಂಬಿತೇ ಎಂಬುದಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ.

ಹಲವು ಸಂಸ್ಥೆಗಳು ಸೇರಿದಾಗ ಈ ತೊಡಕು ಇನ್ನೂ ಹೆಚ್ಚಾಗುತ್ತದೆ. ಮುಂದಾಳು ಸಂಸ್ಥೆಯೊಂದು ಹಣವನ್ನು ಪಾಲು ಮಾಡಿ ಕೊಡುತ್ತದೆ; ಪ್ರತಿಯೊಬ್ಬರೂ ತಮ್ಮ ಪಾಲಿಗೆ ಲೆಕ್ಕ ಒಪ್ಪಿಸುತ್ತಾರೆ; ಎಲ್ಲವನ್ನೂ ಸೇರಿಸಿ ಒಂದು ಕ್ರೋಡೀಕೃತ ಲೆಕ್ಕ ಮೇಲಕ್ಕೆ ಹೋಗುತ್ತದೆ. ಬಿಡಿಬಿಡಿಯಾಗಿ ಎಲ್ಲವೂ ಸರಿ. ಆದರೆ ಕೂಡಿದ್ದರಿಂದ ಆದ ಲಾಭವೇನು, ಪ್ರತ್ಯೇಕವಾಗಿ ಮಾಡಿದ್ದರೆ ಆಗದಿದ್ದದ್ದು ಯಾವುದು ಎಂದು ಕೇಳಿದರೆ ಉತ್ತರಿಸುವ ಹೊಣೆ ಯಾರದೂ ಅಲ್ಲ. ಹತ್ತು ಜನರ ನಡುವೆ ಹಾವು ಸಾಯುವುದಿಲ್ಲವೆಂದು ಇಲ್ಲಿಯ ತೆಲುಗು ಬಂಧುಗಳು ಹೇಳುವುದುಂಟು. ಒಬ್ಬನು ಇನ್ನೊಬ್ಬನು ಹೊಡೆದಾನೆಂದು ಕಾಯುತ್ತಾನೆ.

ಹಾಗಾದರೆ ಇಂಥ ಕೆಲಸವನ್ನು ಅಳೆಯಲು ಸಾಧ್ಯವೇ ಇಲ್ಲವೇ ಎಂದರೆ, ಇದೆ. ನಮ್ಮ ದೇಶದಲ್ಲಿ ಅದನ್ನು ಐವತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ಅದು ನಡೆದದ್ದೂ ನಮ್ಮ ಸೀಮೆಯಲ್ಲೇ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವನ್ನು ಹಿರಿಯ ಓದುಗರು ಮರೆತಿರಲಾರರು. ಸೈಟ್ ಎಂದೇ ಅದು ಹೆಸರಾಗಿತ್ತು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಆಂಧ್ರದಲ್ಲಿ ಹೈದರಾಬಾದ್, ಮೇದಕ್, ಮಹಬೂಬನಗರ, ಕರ್ನೂಲು ಜಿಲ್ಲೆಗಳ ಹಳ್ಳಿಗಳು. ಹಳ್ಳಿಗಳಲ್ಲಿಟ್ಟ ಟಿ.ವಿ. ಪೆಟ್ಟಿಗೆಗಳನ್ನು ತಯಾರಿಸಿದ್ದು ನಮ್ಮ ಊರಿನ ಇ.ಸಿ.ಐ.ಎಲ್. ಕಾರ್ಖಾನೆ. ತಂತಿಬಲೆಯ ದೊಡ್ಡ ಕೊಡೆಯಂಥ ಆಂಟೆನ್ನಾದಿಂದ ನೇರವಾಗಿ ಸಂಕೇತ ಹಿಡಿಯುತ್ತಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗಾಗಿ ಒಂದೂವರೆ ಗಂಟೆ. ಹಿಂದಿ, ಒರಿಯಾ, ತೆಲುಗು, ಕನ್ನಡ ಒಂದೊಂದಕ್ಕೂ ಇಪ್ಪತ್ತೆರಡೂವರೆ ನಿಮಿಷ. ಸಂಜೆ ದೊಡ್ಡವರಿಗೆ. ರಜೆಯ ದಿನಗಳಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಇದೇ ಮಾರ್ಗದಿಂದ ನಡೆಯಿತು.

ನಮ್ಮ ತಂದೆಯವರು ಆಗ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೊಸದಾಗಿ ಸೇರಿದ ಮೇಷ್ಟ್ರು. ಟಿ.ವಿ. ನೋಡಿದ್ದಕ್ಕಿಂತ ಹೆಚ್ಚಾಗಿ ಅವರು ನೆನೆಯುತ್ತಿದ್ದದ್ದು ಪೆಟ್ಟಿಗೆ ಬರುವ ಮೊದಲೇ ಕಾಗದ ಹಿಡಿದು ಬಂದ ಇಬ್ಬರನ್ನು. ಮಕ್ಕಳಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಕೇಳಿ ಬರೆದುಕೊಂಡರಂತೆ. ಪೆಟ್ಟಿಗೆ ಬಂದ ಮೇಲೆ ಮತ್ತೆ ಬಂದರಂತೆ, ವರ್ಷ ಮುಗಿದ ಮೇಲೆ ಮತ್ತೊಮ್ಮೆ. "ಸಾಲಿ ಇನ್‌ಸ್ಪೆಕ್ಟರ್ರೂ ಅಷ್ಟು ಸಲ ಬಂದಿರಲಿಲ್ಲ" ಎಂದು ತಂದೆಯವರು ನಗುತ್ತಿದ್ದರು.

ಆ ಇಬ್ಬರು ಯಾರೆಂಬುದು ನಮಗೆ ಅರ್ಥವಾದದ್ದು ದೊಡ್ಡವರಾದ ಮೇಲೆ. ಸೈಟ್ ಯೋಜನೆಯಲ್ಲಿ ಮೌಲ್ಯಮಾಪನವೆಂಬುದು ಕೊನೆಯಲ್ಲಿ ಅಂಟಿಸಿದ ಅನುಬಂಧವಾಗಿರಲಿಲ್ಲ. ಪ್ರಯೋಗದ ಒಂದು ಅಂಗವಾಗಿಯೇ ಮೊದಲ ದಿನದಿಂದ ಇತ್ತು. ಪೆಟ್ಟಿಗೆ ಇದ್ದ ಹಳ್ಳಿಗಳ ಜೊತೆಗೆ ಪೆಟ್ಟಿಗೆ ಇಲ್ಲದ ಹಳ್ಳಿಗಳನ್ನೂ ಹೋಲಿಕೆಗಾಗಿ ಆರಿಸಿಕೊಂಡಿದ್ದರು. ಮೊದಲು, ನಡುವೆ, ಕೊನೆಗೆ ಎಂದು ಸಮೀಕ್ಷೆ ನಡೆಯಿತು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರ ಓದಿದವರು ತಿಂಗಳುಗಟ್ಟಲೆ ವಾಸವಿದ್ದು, ಜನ ಏನು ನೋಡುತ್ತಾರೆ, ಎದ್ದು ಹೋದ ಮೇಲೆ ಏನು ಮಾತಾಡುತ್ತಾರೆ ಎಂದು ಬರೆದರು. ಬಂದ ಫಲವನ್ನು ಮುಚ್ಚಿಡಲಿಲ್ಲ. ಮೊದಲಿನ ಕುತೂಹಲ ಇಳಿದ ಮೇಲೆ ಸಂಜೆಯ ಪ್ರೇಕ್ಷಕರು ಕಡಿಮೆಯಾದರು. ಶಾಲೆಯ ಹಾಜರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ಮಕ್ಕಳ ಭಾಷೆ ಬೆಳೆಯಿತು, ತಿಳಿಯಬೇಕೆಂಬ ಆಸೆ ಹೆಚ್ಚಿತು. ಅನಕ್ಷರಸ್ಥರೂ ಆರೋಗ್ಯ ಮೊದಲಾದ ವಿಷಯಗಳಲ್ಲಿ ಹೊಸದನ್ನು ಕಲಿತರು. ಒಳ್ಳೆಯದೂ ಕೆಟ್ಟದ್ದೂ ಕೂಡಿದ ಇಂಥ ವರದಿಯೇ ನಿಜವಾದ ವರದಿ. ಬರೀ ಸಿಹಿಯಾದ ವರದಿಯನ್ನು ಕಂಡರೆ ಗುಮಾಸ್ತನಿಗೆ ಅನುಮಾನ ಬರುತ್ತದೆ.

ಇಷ್ಟು ಒಳ್ಳೆಯ ಮೇಲ್ಪಂಕ್ತಿಯಿದ್ದೂ ಮುಂದೆ ಏನಾಯಿತು? 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ಕಾಲೇಜು ವಿದ್ಯಾರ್ಥಿಗಳಿಗಾಗಿ ಕಂಟ್ರಿವೈಡ್ ಕ್ಲಾಸ್‌ರೂಂ ಎಂಬ ದೂರದರ್ಶನ ಕಾರ್ಯಕ್ರಮ ಆರಂಭಿಸಿತು. ಅದಕ್ಕಾಗಿ ವಿಶ್ವವಿದ್ಯಾಲಯಗಳಲ್ಲಿ ಚಿತ್ರ ತಯಾರಿಸುವ ಕೇಂದ್ರಗಳನ್ನು ತೆರೆದರು. ಅವುಗಳಲ್ಲಿ ಎರಡು ನಮ್ಮ ಹೈದರಾಬಾದಿನಲ್ಲೇ ಆದವು: ಒಂದು ಉಸ್ಮಾನಿಯಾದಲ್ಲಿ, ಇನ್ನೊಂದು ಆಗ ಸೀಫೆಲ್ ಎನಿಸಿಕೊಂಡಿದ್ದ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ಸಂಸ್ಥೆಯಲ್ಲಿ. 1993ರಲ್ಲಿ ಇವುಗಳನ್ನೆಲ್ಲ ಒಂದು ಸೂರಿನಡಿ ತರಲು ಶೈಕ್ಷಣಿಕ ಸಂವಹನ ಒಕ್ಕೂಟ ರಚನೆಯಾಯಿತು. ಒಳ್ಳೆಯ ಚಿತ್ರಗಳು ಬಂದವು; ನಾವೂ ಹುಡುಗರಾಗಿದ್ದಾಗ ಕೆಲವನ್ನು ನೋಡಿ ಬೆರಗಾದದ್ದುಂಟು. ಆದರೆ ಮಾತು ಬಹುಪಾಲು ಇಂಗ್ಲಿಷಿನಲ್ಲಿ. ಪೆಟ್ಟಿಗೆ ಕಾಲೇಜಿನಲ್ಲಿದ್ದರೆ ಅದು ಪ್ರಿನ್ಸಿಪಾಲರ ಕೋಣೆಯಲ್ಲಿ. ಬಿತ್ತರವಾಗುವ ಹೊತ್ತಿಗೂ ತರಗತಿಯ ವೇಳಾಪಟ್ಟಿಗೂ ಹೊಂದಾಣಿಕೆಯಿಲ್ಲ. ಯಾರೂ ಕಾಗದ ಹಿಡಿದು ನಮ್ಮ ಕಾಲೇಜಿಗೆ ಬಂದು, ಹುಡುಗರೇ, ಇದರಿಂದ ನಿಮಗೇನಾಯಿತು ಎಂದು ಕೇಳಲಿಲ್ಲ.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟಾದಿಂದ ಹಾರಿತು. ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಒಂದು. ಕನ್ನಡ ನಾಡಿಗೆ ಅದು ಹೆಮ್ಮೆಯ ಸಂಗತಿ. ಆದರೆ ಆಕಾಶದಲ್ಲಿ ಉಪಗ್ರಹ ಸಿದ್ಧವಾದಷ್ಟು ಬೇಗ ನೆಲದ ಮೇಲಿನ ಏರ್ಪಾಡು ಸಿದ್ಧವಾಗಲಿಲ್ಲವೆಂಬುದನ್ನು ಮಹಾಲೇಖಪಾಲರ 2013ರ ವರದಿ ಎತ್ತಿ ತೋರಿಸಿತು. ಅಷ್ಟು ಹೊತ್ತಿಗೆ ಆ ಉಪಗ್ರಹದ ಸೇವೆಯೇ ಮುಗಿದುಹೋಗಿತ್ತು. ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು. ಲೆಕ್ಕ ತಪಾಸಣೆ ಅಗತ್ಯವೇ. ಆದರೆ ಅದು ಮುಗಿದ ಕತೆಯನ್ನು ಹೇಳುತ್ತದೆ, ನಡೆಯುತ್ತಿರುವ ಕೆಲಸವನ್ನು ತಿದ್ದುವುದಿಲ್ಲ.

ಈಗ ವರ್ಚುವಲ್ ಲ್ಯಾಬಿನ ಮಾತಿಗೆ ಬರೋಣ. 2003ರಲ್ಲಿ ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್.ಪಿ.ಟಿ.ಇ.ಎಲ್. ಎಂಬ ಪಾಠಮಾಲೆಯನ್ನು ಆರಂಭಿಸಿದ್ದವು. ಇಂಜಿನಿಯರಿಂಗ್ ಓದುವ ಹುಡುಗರಿಗೆ ಅದು ಮನೆಮಾತಾಗಿದೆ. 2009ರ ಫೆಬ್ರವರಿಯಲ್ಲಿ ತಿರುಪತಿಯಲ್ಲಿ, ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣ ನೀಡುವ ರಾಷ್ಟ್ರೀಯ ಅಭಿಯಾನ ಉದ್ಘಾಟನೆಯಾಯಿತು. ಹನ್ನೊಂದನೆಯ ಯೋಜನೆಯ ಅವಧಿಗೆ ಅದರ ಅಂದಾಜು 4612 ಕೋಟಿ ರೂಪಾಯಿ. ಈ ಅಭಿಯಾನದ ಒಂದು ಭಾಗವಾಗಿ ದೆಹಲಿಯ ಐ.ಐ.ಟಿ.ಯ ಮುಂದಾಳುತನದಲ್ಲಿ ವರ್ಚುವಲ್ ಲ್ಯಾಬ್ ಯೋಜನೆ ಹುಟ್ಟಿತು. ಏಳು ಐ.ಐ.ಟಿ.ಗಳು, ಹೈದರಾಬಾದಿನ ಟ್ರಿಪಲ್ ಐ.ಟಿ., ಸುರತ್ಕಲ್ಲಿನ ಎನ್.ಐ.ಟಿ., ಅಮೃತಾ, ದಯಾಲ್‌ಬಾಗ್, ಪುಣೆಯ ಇಂಜಿನಿಯರಿಂಗ್ ಕಾಲೇಜು, ಒಟ್ಟು ಹನ್ನೆರಡು. ನೂರಕ್ಕೂ ಹೆಚ್ಚು ಪ್ರಯೋಗಶಾಲೆಗಳು, ಏಳು ನೂರಕ್ಕೂ ಮಿಕ್ಕ ಪ್ರಯೋಗಗಳು ಎಂದು ಯೋಜನೆಯವರು ವಿವರಿಸಿದ್ದಾರೆ. ಶುಲ್ಕವಿಲ್ಲ. ಆಸಕ್ತ ಕಾಲೇಜುಗಳು ನೋಡಲ್ ಕೇಂದ್ರಗಳಾಗಿ ಸೇರಿಕೊಳ್ಳಬಹುದು.

ಇದರ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ನಾವು ಕುತೂಹಲದಿಂದ ಕೂತು ನಾಲ್ಕಾರು ಪ್ರಯೋಗಗಳನ್ನು ಮಾಡಿ ನೋಡಿದೆವು. ಮೊದಲು ಸಿದ್ಧಾಂತ, ಆಮೇಲೆ ವಿಧಾನ, ಅನಂತರ ಪ್ರಯೋಗ, ಕೊನೆಗೆ ನಮ್ಮನ್ನೇ ಪರೀಕ್ಷಿಸುವ ಪ್ರಶ್ನೆಗಳು, ಕ್ರಮ ಚೆನ್ನಾಗಿದೆ. ಆಸಿಡ್ ಚೆಲ್ಲುವ ಭಯವಿಲ್ಲ. ನಡುರಾತ್ರಿಯಲ್ಲೂ ಹತ್ತು ಸಲ ಮಾಡಬಹುದು. ಸಣ್ಣ ಊರಿನ ಕಾಲೇಜು ಕನಸಿನಲ್ಲೂ ಕೊಳ್ಳಲಾರದ ಯಂತ್ರದ ಪರಿಚಯವಾದರೂ ಆಗುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಕಾಲೇಜುಗಳ ಬಾಗಿಲು ಮುಚ್ಚಿದಾಗ ಇಂಥದ್ದೊಂದು ಸಿದ್ಧವಾಗಿದ್ದದ್ದು ಎಷ್ಟೋ ವಿದ್ಯಾರ್ಥಿಗಳ ಪುಣ್ಯ. ಒಂದೊಂದು ವಿಶ್ವವಿದ್ಯಾಲಯವೂ ತಾನೇ ಇದನ್ನು ಮಾಡಹೊರಟಿದ್ದರೆ ಒಂದೇ ಲೋಲಕವನ್ನು ಹನ್ನೆರಡು ಸಲ ಮಾಡುತ್ತಿದ್ದರು. ಕೂಡಿದ್ದರಿಂದ ಹಣ ಉಳಿಯಿತು, ಕೆಲಸ ಹಂಚಿಹೋಯಿತು. ಇಷ್ಟು ಹೇಳದೆ ಟೀಕೆಗೆ ಇಳಿದರೆ ಅದು ಅನ್ಯಾಯ.

ಇನ್ನು ಕೊರತೆಗಳು. ಮೂರನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಎಣಿಕೆಯ ಕೊರತೆ. ಬಳಕೆಯನ್ನು ಎಣಿಸುವುದು ಸುಲಭ, ಆದ್ದರಿಂದ ಅದನ್ನೇ ಎಣಿಸುತ್ತೇವೆ. ಆದರೆ ಬೀಗ ಹಾಕಿದ ಪ್ರಯೋಗಶಾಲೆಯ ಬದಲಿಗೆ ಬಳಸಿದವಳೂ, ನಿಜವಾದ ಪ್ರಯೋಗಕ್ಕೆ ಮುಂಚೆ ಸಿದ್ಧತೆಗಾಗಿ ಬಳಸಿದವಳೂ ಆ ಎಣಿಕೆಯಲ್ಲಿ ಒಂದೇ. ಒಬ್ಬಳಿಗೆ ಅದು ಊಟದ ಜೊತೆಯ ಉಪ್ಪಿನಕಾಯಿ, ಇನ್ನೊಬ್ಬಳಿಗೆ ಊಟವೇ ಅದು. ಎರಡನ್ನೂ ಕೂಡಿಸಿ ಬಂದ ಮೊತ್ತಕ್ಕೆ ಏನರ್ಥ? ಅದಕ್ಕಿಂತಲೂ ಚಿಂತೆಯ ಮಾತೊಂದಿದೆ. ಈ ಎಣಿಕೆ ಹೆಚ್ಚಿದಷ್ಟೂ ಯೋಜನೆ ಯಶಸ್ವಿಯೆಂದು ಕಾಣುತ್ತದೆ. ಎಣಿಕೆ ಹೆಚ್ಚಿಸುವ ಅತ್ಯಂತ ಸುಲಭ ದಾರಿಯೆಂದರೆ ಪ್ರಯೋಗಶಾಲೆಗೆ ಬೀಗ ಹಾಕುವುದು! ಯೋಜನೆ ಕಟ್ಟಿದವರು ಇದನ್ನು ಬಯಸಿದ್ದಲ್ಲ. ಆದರೆ ಅಳತೆಗೋಲು ಹಾಗಿದ್ದರೆ ಬೆಳೆ ಹಾಗೆಯೇ ಬರುತ್ತದೆ.

ಎರಡನೆಯದು ನಿರ್ವಹಣೆಯ ಕೊರತೆ. ನಮ್ಮಲ್ಲಿ ಕಟ್ಟಲು ಹಣ ಸಿಗುತ್ತದೆ, ಸುಣ್ಣ ಬಳಿಯಲು ಸಿಗುವುದಿಲ್ಲ. ಈ ಪ್ರಯೋಗಗಳಲ್ಲಿ ಅನೇಕವನ್ನು ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ರಚಿಸಿದ್ದರು. ಆಗ ಎಲ್ಲರೂ ಬಳಸುತ್ತಿದ್ದದ್ದು ಅದನ್ನೇ. ಅದನ್ನು ಮಾಡುತ್ತಿದ್ದ ಅಡೋಬಿ ಕಂಪೆನಿ 2020ರ ಡಿಸೆಂಬರ್ 31ಕ್ಕೆ ಅದರ ಪೋಷಣೆ ನಿಲ್ಲಿಸಿತು. ಫ್ಲ್ಯಾಶಿನಲ್ಲಿದ್ದದ್ದನ್ನೆಲ್ಲ ಹೊಸ ಭಾಷೆಯಲ್ಲಿ ಮತ್ತೆ ಬರೆಯಬೇಕಾಯಿತು. ಹೈದರಾಬಾದಿನ ಟ್ರಿಪಲ್ ಐ.ಟಿ.ಯಲ್ಲಿ ಈ ಯೋಜನೆಯ ತಾಂತ್ರಿಕ ರಚನೆಗೆಂದೇ ಒಂದು ವಿಭಾಗವಿರುವುದು ಇಂಥ ಕಾಲಕ್ಕೆ ಉಪಯೋಗವಾಯಿತು. ಆದರೆ ಎಷ್ಟು ಕೂಡು ಯೋಜನೆಗಳಿಗೆ ಅಂಥ ಒಂದು ಮನೆ ಇದೆ? ಯೋಜನೆಯ ಅವಧಿ ಮುಗಿದು, ಸಂಬಳಕ್ಕಿದ್ದ ಹುಡುಗರು ಬೇರೆ ಕೆಲಸಕ್ಕೆ ಹೋದ ಮೇಲೆ ತೆರೆಯದ ಪಾಠಗಳನ್ನು ನಾವೆಲ್ಲರೂ ಕಂಡಿದ್ದೇವೆ. ಬಳಕೆ ಪ್ರಮಾಣಪತ್ರದ ಪ್ರಕಾರ ಆ ಪಾಠ ಇಂದಿಗೂ ತಯಾರಾಗಿಯೇ ಇದೆ.

ಮೂರನೆಯದು ಪಾಲುದಾರಿಕೆಯ ಕೊರತೆ. ಹನ್ನೆರಡು ಸಂಸ್ಥೆಗಳ ಹೆಸರನ್ನು ಓದುಗರು ಮತ್ತೊಮ್ಮೆ ನೋಡಬೇಕು. ಎಲ್ಲರೂ ದೊಡ್ಡವರು, ತಯಾರಿಸುವವರು. ಬೀದರಿನ, ನಾರಾಯಣಪೇಟೆಯ, ಜಹೀರಾಬಾದಿನ ಕಾಲೇಜು ನೋಡಲ್ ಕೇಂದ್ರವಾಗಬಹುದು, ಬಳಸುವವನಾಗಬಹುದು; ಯಾವ ಪ್ರಯೋಗ ಬೇಕು, ಯಾವ ಮಾತಿನಲ್ಲಿ ಬೇಕು, ನಮ್ಮ ಹುಡುಗರು ಎಲ್ಲಿ ಮುಗ್ಗರಿಸುತ್ತಾರೆ ಎಂದು ಹೇಳುವ ಪಾಲುದಾರನಾಗಿ ಕೂರಲು ಅವನಿಗೆ ಮಣೆಯಿಲ್ಲ. ಪಠ್ಯ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಈ ಕೆಲಸಕ್ಕೆ ಬೇಕಾದ ಶಕ್ತಿ ನಮ್ಮಲ್ಲಿಲ್ಲದೆ ಇಲ್ಲ. ಭಾರತೀಯ ಭಾಷೆಗಳ ನಡುವೆ ಯಂತ್ರಾನುವಾದ ಮಾಡುವ 'ಸಂಪರ್ಕ' ಎಂಬ ಏರ್ಪಾಡನ್ನು ಇದೇ ಟ್ರಿಪಲ್ ಐ.ಟಿ.ಯ ಮುಂದಾಳುತನದಲ್ಲಿ ಹನ್ನೊಂದು ಸಂಸ್ಥೆಗಳು ಕೂಡಿ ಕಟ್ಟಿವೆ. ಅದರಲ್ಲಿ ಕನ್ನಡ-ಹಿಂದಿ ಜೋಡಿಯೂ ಇದೆ. ಒಂದು ಅನುದಾನದ ಫಲವನ್ನು ಇನ್ನೊಂದು ಅನುದಾನದ ಕೆಲಸಕ್ಕೆ ಹೊಂದಿಸುವ ಹೊಣೆ ಯಾರದೆಂಬುದೇ ಪ್ರಶ್ನೆ. ಸೈಟ್ ಕಾಲದ ಉಪಗ್ರಹವು ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲದ್ದಾಗಿತ್ತು ಎಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಐವತ್ತು ವರ್ಷಗಳ ಹಿಂದಿನ ಆ ವಿವೇಕ ಈಗೇಕೆ ದುಬಾರಿ?

ಈ ರೋಗ ನಮ್ಮೊಬ್ಬರದೇ ಅಲ್ಲವೆಂಬುದು ಸಮಾಧಾನವೋ ದುಃಖವೋ ತಿಳಿಯದು. ಬ್ರಿಟನ್ನಿನಲ್ಲಿ 1992ರಲ್ಲಿ ಬೋಧನೆ-ಕಲಿಕೆ ತಂತ್ರಜ್ಞಾನದ ಒಂದು ಕಾರ್ಯಕ್ರಮ ಆರಂಭಿಸಿ, ಮೊದಲೆರಡು ಹಂತಗಳಲ್ಲಿ 76 ಯೋಜನೆಗಳಿಗೆ ಹಣ ಕೊಟ್ಟರು. ಹಲವು ವಿಶ್ವವಿದ್ಯಾಲಯಗಳು ಕೂಡಿ ಮಾಡಿದ ಯೋಜನೆಗಳು ಅವುಗಳಲ್ಲಿ ಬಹಳ. ತಯಾರಾದದ್ದು ಹೇರಳ, ಆದರೆ ತಯಾರಿಸಿದವರ ವಿಭಾಗದಿಂದಾಚೆಗೆ ಅದು ಸುಲಭವಾಗಿ ಹೋಗಲಿಲ್ಲ. ಇನ್ನೊಬ್ಬರು ಮಾಡಿದ ಪಾಠವನ್ನು ತಾನೇಕೆ ಹೇಳಬೇಕೆಂಬ ಅಭಿಮಾನ ಪ್ರಾಧ್ಯಾಪಕರಿಗೆ ಎಲ್ಲ ದೇಶದಲ್ಲೂ ಉಂಟು. ಅವರು ಅಲ್ಲಿಗೇ ಬಿಡದೆ, 1998ರಲ್ಲಿ ಆರಂಭವಾದ ಮೂರನೆಯ ಹಂತದಲ್ಲಿ ಹೊಸದನ್ನು ತಯಾರಿಸುವುದಕ್ಕಿಂತ, ಇದ್ದುದನ್ನು ತರಗತಿಯಲ್ಲಿ ಬಳಕೆಗೆ ತರುವುದಕ್ಕೆ ಒತ್ತು ಕೊಟ್ಟರು. ತಪ್ಪು ತಿಳಿದ ಮೇಲೆ ಹಣದ ದಿಕ್ಕನ್ನು ತಿರುಗಿಸಿದರೆಂಬುದೇ ನಮಗೆ ಪಾಠ.

ಇದಕ್ಕೆ ಎದುರು ಮಾತೂ ಇದೆ. ನಮ್ಮ ಕಚೇರಿಯ ಹಿರಿಯ ಮಿತ್ರರೊಬ್ಬರು ಈ ಲೇಖನದ ಕರಡನ್ನು ಓದಿ, "ಅಲ್ಲ ಸ್ವಾಮಿ, ವಿದ್ಯೆಯನ್ನು ತಕ್ಕಡಿಯಲ್ಲಿ ತೂಗುತ್ತೀರಾ? ಮರ ನೆಟ್ಟ ಮರುವರ್ಷವೇ ಹಣ್ಣು ಕೇಳುತ್ತೀರಾ? ಅಳೆಯುವುದಕ್ಕೆ ಹಾಕುವ ದುಡ್ಡಿನಲ್ಲಿ ಇನ್ನಷ್ಟು ಪಾಠ ಮಾಡಬಹುದಲ್ಲ" ಎಂದರು. ಮಾತಿನಲ್ಲಿ ಹುರುಳಿದೆ. ಅತಿಯಾಗಿ ಅಳೆಯಹೊರಟರೆ ಮೇಷ್ಟ್ರುಗಳೆಲ್ಲ ನಮ್ಮಂತೆ ಗುಮಾಸ್ತರಾಗುತ್ತಾರೆ; ಈಗಲೇ ಅವರು ತುಂಬುವ ಫಾರಂಗಳು ಸಾಲವೇ? ಪ್ರಯೋಗಶಾಲೆಗೆ ಬೀಗ ಬಿದ್ದಿರುವುದಕ್ಕೂ ವರ್ಚುವಲ್ ಲ್ಯಾಬ್ ಕಾರಣವಲ್ಲ. ರಾಸಾಯನಿಕಕ್ಕೆ ಹಣವಿಲ್ಲ, ಅಟೆಂಡರ್ ಹುದ್ದೆ ಖಾಲಿ, ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಭರವಸೆಯಿಲ್ಲ. ಬೀಗದ ಹಿಂದೆ ಇಷ್ಟೆಲ್ಲ ಇರುತ್ತದೆ.

ಆದರೂ ನಾವು ಒಪ್ಪುವುದಿಲ್ಲ. ಮರದ ಹಣ್ಣನ್ನು ಮರುವರ್ಷ ಕೇಳುವುದು ಬೇಡ. ಸಸಿ ಬದುಕಿದೆಯೇ ಎಂದು ನೋಡಿ ಬರುವುದೂ ಬೇಡವೇ? ಸೈಟ್‌ನವರು ಒಂದೇ ವರ್ಷದ ಪ್ರಯೋಗವನ್ನು ಅಷ್ಟು ಶ್ರದ್ಧೆಯಿಂದ ನೋಡಿದರು. ಹತ್ತಾರು ವರ್ಷ ನಡೆಯುವ ಯೋಜನೆಗೆ ಅದರ ಅರ್ಧದಷ್ಟಾದರೂ ಶ್ರದ್ಧೆ ಹೆಚ್ಚೇನಲ್ಲ.

ನಮ್ಮ ಅಲ್ಪಮತಿಗೆ ತೋಚಿದ ಸಲಹೆಗಳು ಇಷ್ಟೇ. ಕೂಡು ಅನುದಾನದಲ್ಲಿ ನೂರಕ್ಕೆ ಐದು ರೂಪಾಯಿಯನ್ನು ಮೊದಲೇ ತೆಗೆದಿಟ್ಟು, ಆ ಕೂಟಕ್ಕೆ ಸೇರದ ಬೇರೊಂದು ವಿಶ್ವವಿದ್ಯಾಲಯದಿಂದ ಪರಿಶೀಲನೆ ಮಾಡಿಸಬೇಕು. ಕೆಲಸ ಶುರುವಾಗುವ ಮೊದಲೇ ಅವರು ಕಾಲೇಜುಗಳಿಗೆ ಹೋಗಿ ಇದ್ದ ಸ್ಥಿತಿಯನ್ನು ಬರೆದಿಡಬೇಕು. ಪ್ರತಿ ಕೂಟದಲ್ಲೂ ತಾಲೂಕು ಮಟ್ಟದ ಒಂದೆರಡು ಕಾಲೇಜುಗಳು ಪಾಲುದಾರರಾಗಿ, ಮತ ಹೇಳುವ ಹಕ್ಕಿನೊಂದಿಗೆ ಕೂರಬೇಕು. ಯೋಜನೆ ಮುಗಿದ ಮೂರು ವರ್ಷಗಳ ಮೇಲೆ ಒಬ್ಬರು ಹೋಗಿ, ಅಂದು ಮಾಡಿದ್ದರಲ್ಲಿ ಇಂದು ಎಷ್ಟು ನಡೆಯುತ್ತಿದೆ ಎಂದು ನೋಡಿ ಬರಬೇಕು. ಬಳಕೆಯ ಎಣಿಕೆಯ ಪಕ್ಕದಲ್ಲಿ ಇನ್ನೊಂದು ಕಾಲಂ ಇರಬೇಕು: ಈ ವಿದ್ಯಾರ್ಥಿ ಇದೇ ಪ್ರಯೋಗವನ್ನು ಕೈಯಾರೆ ಮಾಡಿದ್ದಾಳೆಯೇ, ಹೌದು ಅಥವಾ ಇಲ್ಲ. ಗುಮಾಸ್ತನ ಅನುಭವದಿಂದ ಹೇಳುತ್ತೇವೆ, ಒಂದು ಕಾಲಂ ಸೇರಿಸುವುದರಿಂದ ಎಷ್ಟೋ ಬೀಗಗಳು ತೆರೆಯುತ್ತವೆ.

ಹುಡುಗಿಯ ಮಾತನ್ನು ಮುಗಿಸಿಬಿಡುತ್ತೇವೆ. ಅವಳು ಊರಿಗೆ ಹೊರಡುವ ಮುನ್ನ ಕೋಠಿಯ ಅಂಗಡಿಯೊಂದರಿಂದ ಬ್ಯೂರೆಟ್ ಒಂದನ್ನು ಕೊಂಡುತಂದೆವು. ಸ್ಟ್ಯಾಂಡಿನ ಬದಲು ಬಟ್ಟೆ ಒಣಹಾಕುವ ಕಂಬಿಗೆ ದಾರದಿಂದ ಕಟ್ಟಿದೆವು. ಆರತಿಯ ತಟ್ಟೆಗೆ ಕಲಸುವಂತೆ ಸುಣ್ಣದ ತಿಳಿನೀರಿಗೆ ಚಿಟಿಕೆ ಅರಿಶಿನ ಹಾಕಿದರೆ ಕೆಂಪಾಯಿತು. ಮೇಲಿನಿಂದ ಸೋಸಿದ ನಿಂಬೆರಸವನ್ನು ಹನಿಹನಿಯಾಗಿ ಬಿಡುತ್ತ, ಕೆಂಪು ಹೋಗಿ ಹಳದಿ ಬರುವ ಹನಿಯನ್ನು ಹಿಡಿಯಬೇಕು. ಪುಸ್ತಕದ ಸೂಚಕವಲ್ಲ, ನಿಖರವಾದ ಅಳತೆಯೂ ಅಲ್ಲ. ಆದರೆ ತಿರುಪು ತಿರುಗಿಸುವ ಕೈಗೆ ಅದು ಸಾಕು. ಮೊದಲ ಸಲ ಸರ್ರನೆ ಹರಿದುಹೋಯಿತು. ಎರಡನೆಯ ಸಲವೂ ಅಷ್ಟೇ. "ಕಂಪ್ಯೂಟರ್‌ನ್ಯಾಗ ಹಿಂಗ ಜಾರಂಗಿಲ್ಲ ಮಾಮಾ" ಎಂದಳು. ಐದನೆಯ ಸಲ ಒಂದೇ ಹನಿಗೆ ಬಣ್ಣ ತಿರುಗಿತು. ಮೂರು ಓದಿಕೆ ತೆಗೆದುಕೊಂಡು ಸರಾಸರಿ ಬರೆದಳು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ನಮ್ಮ ಸಂಘದಲ್ಲಿ ನಿವೃತ್ತ ವಿಜ್ಞಾನ ಅಧ್ಯಾಪಕರು ಹಲವರಿದ್ದಾರೆ, ಇ.ಸಿ.ಐ.ಎಲ್.ನಂಥ ಕಾರ್ಖಾನೆಗಳಲ್ಲಿ ದುಡಿದವರೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ, ಗಡಿ ಜಿಲ್ಲೆಗಳಿಂದ ಇಲ್ಲಿಗೆ ಬಂದ ನಮ್ಮ ಮಕ್ಕಳಿಗೆ ಕೈಯಾರೆ ನಾಲ್ಕು ಪ್ರಯೋಗ ಮಾಡಿಸಿ, ಅದನ್ನು ಕನ್ನಡದಲ್ಲಿ ವಿವರಿಸಬಹುದಲ್ಲವೇ? ಮೊದಲ ದಿನ ಮಕ್ಕಳಿಗೆ ಏನು ಬರುತ್ತಿತ್ತು, ಆರು ತಿಂಗಳ ಮೇಲೆ ಏನು ಬಂತು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. ಆಸಕ್ತರು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬೇಕಾಗಿ ವಿನಂತಿ. ಬ್ಯೂರೆಟ್ ಒಂದಂತೂ ಸಿದ್ಧವಾಗಿದೆ.